ಮಾಯಾದವರ ಶುಕ್ರವಾರ

ಸೊಲಿಹಲ್
14 ಅಕ್ಟೋಬರ್ 2012

ಶಕುಂತಲಾ,

ಕಾಗದದ ಮೊದಲಿಗೆ ಕ್ಷೇಮ ಕೇಳಬೇಕು ಅಂತ ನಾಲ್ಕನೇ ಇಯತ್ತೆಯಲ್ಲಿ ಮಾಸ್ತರರು ಕಲಿಸಿದ್ದರು. ಐದನೇ ಇಯತ್ತೆಗೆ ನನ್ನನ್ನು ಕಳಿಸಲಿಲ್ಲ, ಮುಂದಿನ ರೀತಿ ರಿವಾಜು ನನಗೆ ತಿಳಿಯದು. ನೀನು ಕ್ಷೇಮವಾಗಿಲ್ಲ ಎಂಬುದು ಗೊತ್ತಿದೆ. ಗೊತ್ತಿದ್ದದ್ದನ್ನು ಕೇಳುವುದೇಕೆ?

ನಿನ್ನೆ ನಿನ್ನ ಮಗಳು ಭಾಗ್ಯಶ್ರೀ ಫೋನ್ ಮಾಡಿದ್ದಳು. ಮೊದಲು ಅತ್ತಳು. ಅಳುವುದಿದ್ದರೆ ಫೋನ್ ಇಡು, ಮಾತಾಡುವುದಿದ್ದರೆ ಮಾತಾಡು ಅಂದೆ. ಆಗ ಹೇಳಿದಳು.

"ದೊಡ್ಡವ್ವಾ, ಅವ್ವನ ಹಾರ್ಟಿನ ವಾಲ್ವ್ ಭಾಳ ಸಣ್ಣಾಗೇದಂತ. ಆಪರೇಶನ್ ಆಗ್ಲಿಲ್ಲಂದ್ರ ಒಂದು ವರ್ಷ ಅಂತಾರ, ಅದೂ ಗ್ಯಾರಂಟಿ ಇಲ್ಲ. ಡೇಟ್ ಬಂದದ. ಆಕಿ ಒಲ್ಲೆ ಅಂತಾಳ."

"ಯಾಕ ಒಲ್ಲಳಂತ?"

"ಡೇಟ್ ಡಿಸೆಂಬರ್ ಇಪ್ಪತ್ತೊಂದು, ದೊಡ್ಡವ್ವಾ. ಅವತ್ತ ಜಗತ್ತು ಮುಗೀತದ ಅಂತಾಳ. ಮಾಯಾ ಕ್ಯಾಲೆಂಡರ್."

ಮೂರು ಸಲ ಹೇಳಿಸಿದೆ, ಕಿವಿ ಕೆಟ್ಟಿದೆಯೋ ಅಂತ. ಕೆಟ್ಟಿರಲಿಲ್ಲ.

ಏನೇ ಇದು? ನಿನ್ನ ಗಂಡ ಮುರುಗೇಶ ಡಾಕ್ಟರಿದ್ದ. ನೀನು ಧಾರವಾಡದಲ್ಲಿ ಬಿ.ಎ. ಮಾಡಿದವಳು. ಸೆಲ್ಲಿ ಓಕಿನ ಆ ಥಂಡಿ ಬಾಡಿಗೆ ಮನೆಯಲ್ಲಿ ನಾವು ಕೆಳಗೆ, ನೀವು ಮೇಲೆ ಇದ್ದಾಗ ನನಗೆ ಇಂಗ್ಲಿಷ್ ಪೇಪರು ಓದಿ ಹೇಳುತ್ತಿದ್ದವಳು ನೀನು. ಈಗ ಟಿ.ವಿ.ಯಲ್ಲಿ ಯಾವನೋ ಹಣೆತುಂಬ ಕುಂಕುಮ ಬಳಿದುಕೊಂಡು ಕೂಗಿದ್ದನ್ನು ಕೇಳಿ ಹೆದರಿ ಕೂತಿದ್ದೀಯಾ?

ಕ್ಯಾಲೆಂಡರ್ ಮುಗಿದರೆ ಜಗತ್ತು ಮುಗಿಯುವುದಾದರೆ ಬಾ, ನನ್ನ ಮಂಚದ ಕೆಳಗೆ ನೋಡು. ದೇವರ ಚಿತ್ರವಿದೆ, ಕಸಕ್ಕೆ ಹೇಗೆ ಹಾಕುವುದು ಅಂತ ಮೂವತ್ತೆಂಟು ವರ್ಷದ ಕ್ಯಾಲೆಂಡರು ಸುರುಳಿ ಸುತ್ತಿ ಇಟ್ಟಿದ್ದೇನೆ. ಮೂವತ್ತೆಂಟು ಸಲ ಮುಗಿದಿದೆ. ವ್ಯಾಕ್ಯೂಮ್ ಹಾಕುವಾಗ ಸೊಸೆ ಗೊಣಗುತ್ತಾಳೆ, ಆದದ್ದು ಅಷ್ಟೇ.

ಡಿಸೆಂಬರ್ ಏಳರೊಳಗೆ ನೀನು ಹೂಂ ಅನ್ನದಿದ್ದರೆ ಆ ತಾರೀಖು ಬೇರೆಯವರ ಪಾಲಾಗುತ್ತದಂತೆ. ಇನ್ನೊಂದು ಯಾವಾಗ ಬರುತ್ತದೋ ಯಾರೂ ಹೇಳುವುದಿಲ್ಲವಂತೆ. ನನ್ನ ಮಗ ಶಿವರಾಜ್ ದಿನಾ ಆಪರೇಶನ್ನಿಗೆ ಮತ್ತಿನ ಸೂಜಿ ಕೊಡುವ ಡಾಕ್ಟರು. ಅವನನ್ನು ಕೇಳಿದೆ. ಈ ತಾರೀಖು ಬಿಡಬೇಡ ಅನ್ನು ಅಂದ, ಮುಖ ಎತ್ತಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಗಿದೆ.

ಫೋನ್ ಮಾಡಿದರೆ ನೀನು ಇಟ್ಟುಬಿಡುತ್ತೀ. ಹದಿನಾಲ್ಕು ವರ್ಷದಿಂದ ದೀಪಾವಳಿಗೆ ಒಂದು ಕಾರ್ಡು, ಒಳಗೆ ಅಚ್ಚಾದ ಮಾತು, ಕೆಳಗೆ ನಿನ್ನ ಸಹಿ. ಯಾಕೆ ಅಂತ ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ಅದು ಇರಲಿ. ಆಸ್ಪತ್ರೆಗೆ ಹೂಂ ಅನ್ನು.

ಬೈಯಲು ಇನ್ನೂ ಉಸಿರಿರುವ
ಮಹಾದೇವಿ


ಲೀಡ್ಸ್
30 ಅಕ್ಟೋಬರ್ 2012

ಶ್ರೀಮತಿ ಮಹಾದೇವಿಯವರಿಗೆ,

ನಿಮ್ಮ ಕಾಗದ ತಲುಪಿತು. ಅಕ್ಷರಗಳು ಮೊದಲಿನಂತೆಯೇ ಗೆರೆ ಬಿಟ್ಟು ಕೆಳಗಿಳಿಯುತ್ತವೆ. ದನಿಯೂ ಮೊದಲಿನಂತೆಯೇ ಇದೆ. ಭಾಗ್ಯಶ್ರೀ ನಿಮಗೆ ಹೇಳಬಾರದಿತ್ತು.

ನಾನು ಹುಚ್ಚಿಯಲ್ಲ. ಟಿ.ವಿ.ಯವರು ಕೂಗುವುದನ್ನು ನೋಡುತ್ತೇನೆ, ನಂಬುವುದಿಲ್ಲ. ಆದರೆ ಲೈಬ್ರರಿಯಿಂದ ಪುಸ್ತಕ ತಂದು ಓದಿದೆ. ಮಾಯಾ ಜನ ಒಂದೊಂದೇ ದಿನ ಎಣಿಸಿದವರು. ಅವರ ದೊಡ್ಡ ಎಣಿಕೆ ಶುರುವಾದದ್ದು ಐದು ಸಾವಿರದ ನೂರ ಇಪ್ಪತ್ತೈದು ವರ್ಷಗಳ ಹಿಂದೆ. ಅದು ತುಂಬುವುದು ಈ ಡಿಸೆಂಬರ್ ಇಪ್ಪತ್ತೊಂದಕ್ಕೆ. ನಮ್ಮ ಪಂಚಾಂಗದಲ್ಲಿ ಕಲಿಯುಗ ಶುರುವಾದದ್ದು ಯಾವಾಗ ಎಂದು ನಿಮಗೆ ಗೊತ್ತೇ? ಅವರ ಎಣಿಕೆಗೂ ನಮ್ಮ ಎಣಿಕೆಗೂ ನಡುವೆ ಹನ್ನೆರಡೇ ವರ್ಷದ ಅಂತರ. ಅವರು ಸಮುದ್ರದ ಆಚೆ, ನಾವು ಈಚೆ. ಒಬ್ಬರ ಮುಖ ಒಬ್ಬರು ನೋಡಿಲ್ಲ. ಇಬ್ಬರೂ ಒಂದೇ ಹೊತ್ತಿಗೆ ಯಾಕೆ ಎಣಿಸಲು ಕೂತರು?

ಮುನ್ನೂರ ಅರವತ್ತೈದು ದಿನ ಬಿಟ್ಟು ಆಸ್ಪತ್ರೆಯ ಕಂಪ್ಯೂಟರು ಆ ದಿನವನ್ನೇ ನನಗೆ ಯಾಕೆ ಕೊಟ್ಟಿತು? ಬೆಳಗಾದರೆ ಈ ಪ್ರಶ್ನೆ ಎದ್ದು ಕೂರುತ್ತದೆ. ನಿಮ್ಮ ಮಂಚದ ಕೆಳಗೆ ಇದಕ್ಕೆ ಉತ್ತರವಿಲ್ಲ.

ಅವತ್ತು ನನ್ನ ಎದೆ ತೆರೆದಿರಬಾರದು. ಹೋಗುವುದೇ ಆದರೆ ಇದ್ದ ಹಾಗೆ ಹೋಗುತ್ತೇನೆ, ಮೈಮೇಲೆ ಇರಬೇಕಾದದ್ದು ಮೈಮೇಲೆ ಇದ್ದು.

ದಯವಿಟ್ಟು ಮತ್ತೆ ಬರೆಯಬೇಡಿ.

ಶಕುಂತಲಾ ಮುರುಗೇಶ


ಸೊಲಿಹಲ್
11 ನವೆಂಬರ್ 2012

ಶಕುಂತಲಾ,

ಬರೆಯಬೇಡ ಅಂದೆ, ಬರೆಯುತ್ತಿದ್ದೇನೆ. ನೀನು ಹೇಳಿದ್ದನ್ನು ನಾನು ಯಾವಾಗ ಕೇಳಿದ್ದೇನೆ?

ನಿನ್ನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೆ ಮೊಮ್ಮಗಳು ಸುಚೇತಾಳ ಹತ್ತಿರ ಹೋದೆ. ಅವಳು ಯೂನಿವರ್ಸಿಟಿಯಲ್ಲಿ ಹಳೇ ಕಾಲದ ಕಲ್ಲು ಮಡಕೆಗಳ ವಿಷಯ ಓದುತ್ತಾಳೆ. ಅವರಪ್ಪ ಡಾಕ್ಟರ್ ಆಗು ಅಂದ, ಆಗಲಿಲ್ಲ. ಮೊದಲ ಸಲ ಆ ಓದು ಉಪಯೋಗಕ್ಕೆ ಬಂತು. ಮೂರ್ ಸ್ಟ್ರೀಟ್ ಸ್ಟೇಷನ್ನಿನಲ್ಲಿ ಇಳಿದು, ಈ ಮಂಡಿ ಎಳೆದುಕೊಂಡು ನ್ಯೂ ಸ್ಟ್ರೀಟಿಗೆ ನಡೆದು, ಅಲ್ಲಿಂದ ಇನ್ನೊಂದು ರೈಲು. ಅವಳ ಮನೆ ನಾವಿದ್ದ ಬೀದಿಗೆ ಎರಡೇ ಬೀದಿ ಆಚೆ. ಅದೇ ಕೆಂಪು ಇಟ್ಟಿಗೆ, ಒಳಗೆ ಅದೇ ಹಸಿ ವಾಸನೆ. ಆರು ಹುಡುಗಿಯರು, ಒಂದು ಅಡುಗೆಮನೆ, ತೊಳೆಯದ ಬಾಣಲೆ. ಮೊದಲು ಬಾಣಲೆ ತಿಕ್ಕಿದೆ. ಆಮೇಲೆ ವಿಷಯಕ್ಕೆ ಬಂದೆ.

ಫ್ರಿಜ್ಜಿನ ಮೇಲೆ ಒಂದು ಕಾಗದ ಅಂಟಿಸಿದ್ದರು: ಜಗತ್ತಿನ ಕೊನೆಯ ಪಾರ್ಟಿ, ಡಿಸೆಂಬರ್ ಏಳು.

"ಇಪ್ಪತ್ತೊಂದಲ್ಲೇನ?" ಅಂದೆ.

"ಇಪ್ಪತ್ತೊಂದಕ್ಕೆ ಎಲ್ರೂ ಕ್ರಿಸ್‌ಮಸ್‌ಗೆ ಮನೆಗೆ ಹೋಗಿರ್ತಾರೆ ಅಜ್ಜಿ. ಅದಕ್ಕೆ ಎರಡು ವಾರ ಮೊದಲೇ ಮುಗಿಸ್ತಿದೀವಿ."

ನೋಡು, ಪ್ರಳಯವನ್ನೂ ರಜೆ ನೋಡಿಕೊಂಡು ಮಾಡುವವರ ಊರಿನಲ್ಲಿ ನೀನು ಹೆದರಿ ಕೂತಿದ್ದೀ.

ಸುಚೇತಾ ಇಂಗ್ಲಿಷಿನಲ್ಲಿ ಹೇಳಿದಳು, ನಾನು ಕನ್ನಡದಲ್ಲಿ ಅಡ್ಡ ಕೇಳಿದೆ. ತಿಳಿದದ್ದಿಷ್ಟು. ಮಾಯಾದವರು ಕೈಕಾಲಿನ ಇಪ್ಪತ್ತು ಬೆರಳನ್ನೂ ಲೆಕ್ಕಕ್ಕೆ ಹಿಡಿದು ಇಪ್ಪತ್ತಿಪ್ಪತ್ತರಲ್ಲಿ ಎಣಿಸುವವರು. ಈಗ ತುಂಬುತ್ತಿರುವುದು ಹದಿಮೂರನೆಯ ದೊಡ್ಡ ಕಂತೆ. ಮರುದಿನ ಎಣಿಕೆ ಮುಂದೆ ಹೋಗುತ್ತದೆ. ಅವರದೇ ಒಂದು ಕಲ್ಲಿನ ಮೇಲೆ ಇನ್ನೂ ಎರಡು ಸಾವಿರದ ಏಳುನೂರು ವರ್ಷ ಮುಂದಿನ ತಾರೀಖು ಕೆತ್ತಿದ್ದಾರೆ. ಜಗತ್ತು ಮುಗಿಯುವುದು ಗೊತ್ತಿದ್ದವನು ಮುಂದಿನ ತಾರೀಖು ಯಾಕೆ ಕೆತ್ತುತ್ತಾನೆ?

ಹನ್ನೆರಡು ವರ್ಷದ ಅಂತರದ ಮಾತನ್ನೂ ಕೇಳಿದೆ. ನಗಲಿಲ್ಲ ಹುಡುಗಿ. ಯೋಚನೆ ಮಾಡಿದಳು. ಎರಡು ಕಡೆಯವರೂ ತಮ್ಮ ಕಾಲದಲ್ಲಿ ಕೂತು ಹಿಂದಕ್ಕೆ ಲೆಕ್ಕ ಹಾಕಿ ಒಂದು ಮೊದಲ ದಿನ ಹಿಡಿದದ್ದು, ಆ ದಿನ ಯಾರೂ ಎದ್ದು ಒಂದು ಅಂತ ಎಣಿಸಿರಲಿಲ್ಲ, ಅಂದಳು. ಹನ್ನೆರಡು ಯಾಕೆ ಅಂದರೆ ಗೊತ್ತಿಲ್ಲ ಅಂದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದದ್ದು ನನಗೆ ಸೇರಿತು.

ಇನ್ನೊಂದು ಮಾತು. ಮಾಯಾದವರು ಸತ್ತುಹೋದ ಜನ ಅಂತ ನಾನು ತಿಳಿದಿದ್ದೆ. ಇದ್ದಾರಂತೆ, ಲಕ್ಷಗಟ್ಟಲೆ. ಗೋವಿನಜೋಳ ಬೆಳೆಯುತ್ತಾರೆ, ಸಂತೆಗೆ ಹೋಗುತ್ತಾರೆ. ಫೋಟೋ ತೋರಿಸಿದಳು. ಒಬ್ಬ ಮುದುಕಿ ಕಲ್ಲಿನ ಮೇಲೆ ಹಿಟ್ಟು ಬಡಿದು ರೊಟ್ಟಿ ತಟ್ಟುತ್ತಿದ್ದಳು, ಥೇಟ್ ನಿಮ್ಮವ್ವನ ಹಾಗೆ. ಅವಳನ್ನು ಯಾರಾದರೂ ಕೇಳಿದರೇನು, ಅವ್ವಾ ಡಿಸೆಂಬರಿಗೆ ಏನಾಗುತ್ತದೆ ಅಂತ? ಅವಳ ಹೆಸರಿನಲ್ಲಿ ಊರೆಲ್ಲ ಬೊಬ್ಬೆ, ಅವಳಿಗೆ ನಾಳೆಯ ರೊಟ್ಟಿಯ ಚಿಂತೆ.

ಇಷ್ಟು ಮಾಯಾದವರ ಮಾತಾಯಿತು.

ನಿನ್ನ ಕಾಗದದ ಕೊನೆಯದಕ್ಕೆ ಮೊದಲಿನ ಸಾಲನ್ನು ನಾಲ್ಕು ಸಲ ಓದಿದೆ. ಮೈಮೇಲೆ ಇರಬೇಕಾದದ್ದು ಅಂದಿದ್ದೀ. ಅದಕ್ಕೂ ಏನೋ ಬರೆಯಬೇಕು. ಈಗ ಆಗುವುದಿಲ್ಲ. ನಾಡಿದ್ದು ದೀಪಾವಳಿ, ಕರ್ಚೀಕಾಯಿ ಕರಿಯಬೇಕು.

ಮಹಾದೇವಿ


ಸೊಲಿಹಲ್
26 ನವೆಂಬರ್ 2012

ಶಕುಂತಲಾ,

ಈ ಸಲ ದೀಪಾವಳಿಗೆ ಕಾರ್ಡೂ ಬರಲಿಲ್ಲ.

ನಿನ್ನೆ ಭಾಗ್ಯಶ್ರೀ ಮತ್ತೆ ಫೋನ್ ಮಾಡಿದ್ದಳು. ಮಾರ್ಕೆಟ್ಟಿನ ಮೆಟ್ಟಿಲ ಮೇಲೆ ನೀನು ಕುಸಿದು ಕೂತೆಯಂತೆ, ತುಟಿ ನೀಲಿಯಾಗಿತ್ತಂತೆ. ಇಲಕಲ್ಲ ಸೀರೆಗಳನ್ನೆಲ್ಲ ಚಾರಿಟಿ ಅಂಗಡಿಗೆ ಕೊಟ್ಟೆಯಂತೆ. ಜೋಳದ ಹಿಟ್ಟು ಮುಗಿದರೂ ತರಬೇಡ ಅನ್ನುತ್ತೀಯಂತೆ. "ದೊಡ್ಡವ್ವಾ, ಆಕಿ ಪ್ಯಾಕ್ ಮಾಡಾಕತ್ತಾಳ, ಆದ್ರ ಎಲ್ಲಿಗಂತ ಕೇಳಾಕ ನನಗ ಹೆದರಿಕಿ" ಅಂದಳು. ಬೈಯದೆ ಫೋನ್ ಇಟ್ಟು ಕಾಗದ ಪೆನ್ನು ಹುಡುಕಿದೆ.

ಇನ್ನು ಹನ್ನೊಂದು ದಿನ ಉಳಿದಿದೆ. ಅದಕ್ಕೆ ಆ ಮಾತು ಬರೆದೇ ಬಿಡುತ್ತೇನೆ. ಓದಿ ಹರಿದು ಹಾಕು.

1998, ಫೆಬ್ರವರಿ. ನೀನು ನಿಮ್ಮವ್ವ ಸಾಯಲಾಗಿದ್ದಾಳೆ ಅಂತ ಗದಗಿಗೆ ಹೋಗಿದ್ದೆ. ಇಲ್ಲಿ ಮುರುಗೇಶನಿಗೆ ಎದೆನೋವು ಬಂದು ಒಮ್ಮೆಲೇ ಆಪರೇಶನ್ ಅಂದರು. ಆಸ್ಪತ್ರೆಯಲ್ಲಿ ಅವನ ಹತ್ತಿರ ನಾನೊಬ್ಬಳೇ ಇದ್ದೆ. ನರ್ಸು ಬಂದು ಕೊರಳಿನದನ್ನು ತೆಗೆಯಬೇಕು ಅಂದಳು. ದೀಕ್ಷೆಯಾದ ದಿನದಿಂದ ಅವನ ಮೈಬಿಟ್ಟು ಅಗಲದ ಲಿಂಗ. ಅಗಲಿದರೆ ಪ್ರಾಣ ಅಗಲಿದ ಹಾಗೆ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಅದು ನಿನಗೂ ಗೊತ್ತು, ನನಗೂ ಗೊತ್ತಿತ್ತು.

ನಿನಗೆ ಗೊತ್ತಿಲ್ಲದ್ದು ಇದು. ಅವನು ನನ್ನ ಕೈ ಹಿಡಿದುಕೊಂಡು ಹೇಳಿದ: "ಅಕ್ಕಾ, ಇದನ್ನ ಕೈಯಾಗರ ಕಟ್ಟಸು. ನೀನ ಹೇಳು ಅವರಿಗೆ. ನಾ ಹೇಳಿದ್ರ, ಇಂವಾ ಡಾಕ್ಟರ್ ಇದ್ದು ಹಿಂಗ ಮಾತಾಡ್ತಾನ ಅಂತಾರ."

ನಾನೇನಂದೆ ಗೊತ್ತೇನು? "ಸುಮ್ನಿರೋ. ನಾಕ ತಾಸಿನ ಮಾತು. ಸಣ್ಣ ಹುಡುಗರಂಗ ಮಾಡಬ್ಯಾಡ." ಆ ನರ್ಸಿನ ಮುಂದೆ ನನಗೆ ನಾಚಿಕೆಯಾಗಿತ್ತು. ನಮ್ಮ ಜನ ಮೂಢರು ಅಂದುಕೊಂಡಾಳು ಅಂತ. ಶಿವದಾರದ ಗಂಟನ್ನು ನಾನೇ ಬಿಚ್ಚಿದೆ. ಅವನು ನೋಡುತ್ತಲೇ ಇದ್ದ. ನಾನು ಲಿಂಗವಿದ್ದ ಬೆಳ್ಳಿ ಕರಡಿಗೆಯನ್ನು ಚೀಲಕ್ಕೆ ಹಾಕುವ ತನಕ ನೋಡಿದ. ಮತ್ತೆ ಮಾತಾಡಲಿಲ್ಲ. ಒಳಗೆ ಹೋದವನು ಬರಲಿಲ್ಲ.

ನೀನು ವಿಮಾನ ಇಳಿದು ಬಂದಾಗ ಅದನ್ನು ಆಸ್ಪತ್ರೆಯ ಪ್ಲಾಸ್ಟಿಕ್ ಚೀಲದಲ್ಲಿ ಕೊಟ್ಟೆ. ಅವನ ವಾಚು, ಕಣ್ಣಿನ ಚಾಳೀಸಿನ ಜೊತೆ. ನೀನು ಆ ಚೀಲ ನೋಡಿದೆ, ಆಮೇಲೆ ಇವತ್ತಿನವರೆಗೆ ನನ್ನ ಮುಖ ನೋಡಿಲ್ಲ.

ಶಿವರಾಜ್ ಹೇಳುತ್ತಾನೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಅವನ ಹೃದಯ ಮೊದಲೇ ಸೋತಿತ್ತು ಅಂತ. ಇರಬಹುದು. ನಾನು ಬರೆಯುತ್ತಿರುವುದು ಅವನು ಕೇಳಿದ್ದನ್ನು, ನಾನು ಬಾಯಿ ಮುಚ್ಚಿಸಿದ್ದನ್ನು.

ಇಷ್ಟೇ. ಕ್ಷಮೆ ಕೇಳಿ ರೂಢಿಯಿಲ್ಲ, ಹೇಗೆ ಬರೆಯುವುದೋ ತಿಳಿಯದು.

ಮಹಾದೇವಿ


ಲೀಡ್ಸ್
1 ಡಿಸೆಂಬರ್ 2012

ಮಹಾದೇವಿಯವರಿಗೆ,

ಎರಡು ದಿನ ನಿಮ್ಮ ಕಾಗದವನ್ನು ಮಡಿಕೆ ಬಿಚ್ಚುತ್ತ ಮಡಚುತ್ತ ಇದ್ದೆ.

ಅವರೇ ಬಿಚ್ಚಿಕೊಟ್ಟರು ಎಂದು ನಾನು ತಿಳಿದಿದ್ದೆ. ಡಾಕ್ಟರು, ಈ ದೇಶದಲ್ಲಿ ಇಷ್ಟು ವರ್ಷ ಇದ್ದವರು, ಮನಸ್ಸಿನಲ್ಲಿ ಯಾವಾಗಲೋ ಬಿಟ್ಟಿರಬೇಕು, ನನಗೆ ಹೇಳಿರಲಿಲ್ಲ ಅಷ್ಟೇ, ಎಂದು. ಹದಿನಾಲ್ಕು ವರ್ಷ ಸತ್ತ ಗಂಡನ ಮೇಲೆ ಸಿಟ್ಟಾಗಿದ್ದೆ. ಪೂಜೆಗೆ ಕೂತರೆ ಆ ಸಿಟ್ಟು ಎದುರಿಗೆ ಬಂದು ಕೂರುತ್ತಿತ್ತು. ಚೀಲ ತಂದುಕೊಟ್ಟ ನಿಮ್ಮನ್ನು ಕಂಡರೆ ಅದೇ ನೆನಪಾಗುತ್ತಿತ್ತು, ಅದಕ್ಕೇ ದೂರವಾದೆ. ಅವರು ಕೇಳಿದ್ದರು ಎಂದು ಇವತ್ತು ತಿಳಿಯಿತು.

ನಿಮಗೆ ಏನು ಹೇಳಬೇಕೋ ಅದನ್ನು ಈಗ ಬರೆಯಲಾರೆ. ಬರೆದರೆ ಕೆಟ್ಟದ್ದು ಬರುತ್ತದೆ.

ಮಾಯಾದವರ ವಿಷಯ. ಸೆಪ್ಟೆಂಬರಿನಲ್ಲಿ ಇಲ್ಲಿಯ ನರ್ಸು ಫಾರಂ ತುಂಬಿಸುವಾಗ ನಾನು ಲಿಂಗದ ಮಾತು ಹೇಳಿದೆ. ಆಕೆ ತಲೆಯಾಡಿಸಿ 'ನೆಕ್ಲೆಸ್' ಎಂದು ಬರೆದುಕೊಂಡಳು. ಮನೆಯಲ್ಲಿ ಬಿಟ್ಟುಬನ್ನಿ ಅಂದಳು. ಮತ್ತೊಮ್ಮೆ ಹೇಳಲು ನನಗೆ ಬಾಯಿ ಬರಲಿಲ್ಲ. ಆಮೇಲೆ ಈ ತಾರೀಖು ಬಂತು. ಜಗತ್ತು ಮುಗಿಯುತ್ತದೆ ಅಂದರೆ ಎಲ್ಲರೂ ನಕ್ಕು ಸುಮ್ಮನಾಗುತ್ತಾರೆ, ಬಿಡಿಸಿ ಕೇಳುವುದಿಲ್ಲ. ಹೇಳುತ್ತ ಹೇಳುತ್ತ ಅರ್ಧ ನಾನೂ ನಂಬಿದೆ. ಈಗಲೂ ಅರ್ಧ ನಂಬಿದ್ದೇನೆ. ಹೆದರಿಕೆ ನಿಜವಾದದ್ದು.

ಅವತ್ತು ಆ ಆಸ್ಪತ್ರೆಯಲ್ಲಿ ನೀವು ಹೇಳದೇ ಇದ್ದ ಮಾತನ್ನು ಈ ಆಸ್ಪತ್ರೆಯಲ್ಲಿ ಹೇಳಿ. ಅದು ನನ್ನ ಮೈಮೇಲೆ ಇರುತ್ತದೆ ಎಂದು ಅವರಿಂದ ಬರೆಸಿ. ಬರೆಸಿದರೆ ನಾನು ಹೂಂ ಅನ್ನುತ್ತೇನೆ. ಇಲ್ಲವಾದರೆ ಇಲ್ಲ. ನನ್ನ ಪರವಾಗಿ ಮಾತಾಡಬಹುದು ಎಂದು ಸಹಿ ಮಾಡಿದ ಚೀಟಿ ಭಾಗ್ಯಶ್ರೀಯ ಹತ್ತಿರ ಇದೆ.

ಶಕುಂತಲಾ


ಲೀಡ್ಸ್ ರೈಲ್ವೆ ಸ್ಟೇಷನ್
6 ಡಿಸೆಂಬರ್ 2012

ಶಕುಂತಲಾ,

ರೈಲಿಗೆ ಇನ್ನೂ ಮುಕ್ಕಾಲು ತಾಸು ಇದೆ. ಬೆಂಚಿನ ಮೇಲೆ ಕೂತು ಬರೆದು ಭಾಗ್ಯಶ್ರೀಯ ಕೈಗೆ ಕೊಡುತ್ತೇನೆ.

ಬರುವ ಮೊದಲು ಶಿವರಾಜನನ್ನು ಕೂಡಿಸಿಕೊಂಡು ಕೇಳಿದ್ದೆ. "ಯವ್ವಾ, ಕೊರಳಾಗ ಎದಿ ಮ್ಯಾಲ ಆಗೂದಿಲ್ಲ, ಅಲ್ಲೇ ಕೊಯ್ತಾರ. ಬೆಳ್ಳಿ ಅಂತೂ ಬ್ಯಾಡ ಬ್ಯಾಡ, ಕರೆಂಟಿನ ಮಶೀನ್ ಹಚ್ಚಿದ್ರ ಮೈ ಸುಡತದ" ಅಂದ. ಇವತ್ತು ಕ್ಲಿನಿಕ್ಕಿನಲ್ಲಿ ಒಬ್ಬ ದೊಡ್ಡ ಸಿಸ್ಟರ್ ಕೂತಿದ್ದಳು, ಜೊತೆಗೆ ಮತ್ತಿನ ಸೂಜಿ ಕೊಡುವ ಡಾಕ್ಟರು, ಹುಡುಗನ ಹಾಗಿದ್ದ.

ಸಿಸ್ಟರ್ ನನ್ನನ್ನು 'ಲವ್' ಅಂದಳು. ನಾನು ನಿನ್ನ ಲವ್ ಅಲ್ಲ, ಮಿಸೆಸ್ ಅಂತ ಕರಿ ಅಂದೆ. ಭಾಗ್ಯಶ್ರೀ ನನ್ನ ಕಾಲು ತುಳಿದಳು. ಇಲ್ಲಿ ಬಸ್ಸಿನವನೂ ಹಾಗೇ ಅನ್ನುತ್ತಾನಂತೆ. ಇರಲಿ.

ಹೇಳಿದೆ. ಚಾಕೊಲೇಟ್ ಕಾರ್ಖಾನೆಯಲ್ಲಿ ಡಬ್ಬಿ ಕಟ್ಟುತ್ತ ಕಲಿತ ಇಂಗ್ಲಿಷು, ಅದರಲ್ಲೇ ಹೇಳಿದೆ. ಇದು ಒಡವೆಯಲ್ಲ. ಸಾಯುವಾಗಲೂ ತೆಗೆಯುವುದಿಲ್ಲ, ಇದರ ಜೊತೆಗೇ ಮಣ್ಣು ಮಾಡುತ್ತಾರೆ. ಒಬ್ಬನದನ್ನು ಹೀಗೆಯೇ ಬಿಚ್ಚಿದ್ದೆ, ಅವನ ಹೆಂಡತಿಯದನ್ನು ಬಿಚ್ಚಲು ಬಿಡುವುದಿಲ್ಲ. ಸಿಸ್ಟರ್ ಬರೆಯುವುದನ್ನು ಬಿಟ್ಟು ಕುರ್ಚಿ ಹತ್ತಿರ ಎಳೆದುಕೊಂಡಳು.

ಪಾದದ ಗಂಟಿಗೆ ಟೇಪು ಹಾಕಿ ಅಂಟಿಸೋಣವೇ ಅಂದಳು ಪಾಪ. ನಾನು ಎದ್ದು ನಿಂತೆ. ಹೊಕ್ಕುಳ ಕೆಳಗೆ ಇಳಿಸುವ ಹಾಗಿಲ್ಲ ಅದನ್ನು! ಕೈಗೆ? ಕೈಗೆ ಸೂಜಿ, ನಳಿಗೆ. ಹುಡುಗ ಡಾಕ್ಟರು, ಆಪರೇಶನ್ ಮುಗಿಯುವ ತನಕ ನಾನು ತಲೆಯ ಹತ್ತಿರ ನಿಂತಿರುತ್ತೇನೆ, ನನ್ನ ಕಣ್ಣೆದುರು ಇರುವುದು ತಲೆಯೊಂದೇ ಅಂದ.

ಆಗ ನಮ್ಮವ್ವ ನೆನಪಾದಳು. ಹೊಲದಲ್ಲಿ ಕಸ ತೆಗೆಯುವಾಗ ಬಗ್ಗಿದರೆ ಲಿಂಗ ಮಣ್ಣಿಗೆ ತಾಗುತ್ತದೆ ಅಂತ, ಬಟ್ಟೆಯಲ್ಲಿ ಸುತ್ತಿ ತುರುಬಿನೊಳಗೆ ಕಟ್ಟಿಕೊಳ್ಳುತ್ತಿದ್ದಳು. ತಲೆಗಿಂತ ಎತ್ತರದ ಜಾಗ ಇನ್ನೆಲ್ಲಿದೆ?

ಅಷ್ಟೇ. ಬೆಳ್ಳಿ ಕರಡಿಗೆ ಬೇಡ. ಬರೇ ಲಿಂಗ, ಅವರು ಕೊಡುವ ಶುದ್ಧ ಬಟ್ಟೆಯಲ್ಲಿ ಸುತ್ತಿ, ತುರುಬಿನಲ್ಲಿಟ್ಟು, ಮೇಲೆ ಅವರ ಟೋಪಿ. ಡಾಕ್ಟರು ಫಾರಮ್ಮಿನ ಮೇಲೆ ಬರೆದ. ಸಾಲದು, ದಪ್ಪ ಅಕ್ಷರದಲ್ಲಿ ಬರಿ ಅಂದೆ. ಬರೆದ: ಕೂದಲಿನಲ್ಲಿ ಧಾರ್ಮಿಕ ವಸ್ತು ಇದೆ, ಯಾರೂ ತೆಗೆಯಬಾರದು. ಸಿಸ್ಟರ್ ಕೆಂಪು ಪೆನ್ನಿನಿಂದ ಅಡಿಗೆರೆ ಎಳೆದಳು, ನೆಕ್ಲೆಸ್ ಅನ್ನುವುದನ್ನು ಹೊಡೆದು ಹಾಕಿದಳು. ಅದರ ನಕಲು ಈ ಕಾಗದದ ಜೊತೆ ಇದೆ. ಓದಿಕೋ.

ಒಂದು ಕೂದಲೆಳೆಯಷ್ಟೂ ಅಪಾಯವಿಲ್ಲ ಅಂತ ಯಾರೂ ಹೇಳಲಿಲ್ಲ. ನೂರರಲ್ಲಿ ಮೂರು ಜನ ಏಳುವುದಿಲ್ಲ ಅಂದರು. ನಿನಗೆ ಮುಚ್ಚಿಟ್ಟು ಬರೆಯಲಾರೆ.

ನಿನ್ನ ಮನೆಯ ಮುಂದೆ ಭಾಗ್ಯಶ್ರೀ ಕಾರು ನಿಲ್ಲಿಸಿದ್ದಳು. ಮೇಲಿನ ಕಿಟಕಿಯ ಪರದೆ ಸರಿದದ್ದು ನೋಡಿದೆ. ನಾನು ಇಳಿಯಲಿಲ್ಲ. ನಾಳೆ ಕೊನೆಯ ದಿನ.

ಮಹಾದೇವಿ


ಲೀಡ್ಸ್, ಆಸ್ಪತ್ರೆಯ ಕಾಯುವ ಕೋಣೆ
21 ಡಿಸೆಂಬರ್ 2012, ಶುಕ್ರವಾರ

ಶಕುಂತಲಾ,

ನೀನು ಎದ್ದ ಮೇಲೆ ಓದಲಿ ಅಂತ ಬರೆಯುತ್ತಿದ್ದೇನೆ.

ಎಂಟೂವರೆಗೆ ನಿನ್ನನ್ನು ಒಳಗೆ ಒಯ್ದರು. ಭಾಗ್ಯಶ್ರೀ ತುರುಬು ಕಟ್ಟಿದ್ದು ಸಡಿಲವಾಗಿತ್ತು, ನಾನು ಬಾಯಿ ಬಿಡಲಿಲ್ಲ. ಗಾಡಿ ನನ್ನ ಮುಂದೆ ಹಾದಾಗ ನೀನು ಕಣ್ಣು ಮುಚ್ಚಿದ್ದೆ. ಬೇಕಂತಲೇ ಮುಚ್ಚಿದ್ದೆಯೋ? ನೂಕುವವನಿಗೆ, ತಲೆ ಮುಟ್ಟಿದರೆ ನೋಡು ಅಂದೆ. "ಗೊತ್ತು ಲವ್, ಬೆಳಗಿನಿಂದ ನಾಲ್ಕು ಜನ ನನಗೆ ಹೇಳಿದ್ದಾರೆ" ಅಂದ. ಈ ಸಲ ಲವ್ ಅಂದದ್ದಕ್ಕೆ ಸುಮ್ಮನಿದ್ದೆ.

ಹನ್ನೊಂದು ಗಂಟೆ. ಇಲ್ಲೊಂದು ಟಿ.ವಿ. ಇದೆ. ಬೇರೇನೂ ಸುದ್ದಿಯಿಲ್ಲ ಇವರಿಗೆ. ಫ್ರಾನ್ಸಿನ ಯಾವುದೋ ಗುಡ್ಡದ ಮೇಲೆ ಹೋದರೆ ಬದುಕುತ್ತಾರಂತೆ, ಅಲ್ಲಿ ಪೊಲೀಸರು, ಕ್ಯಾಮೆರಾದವರು ಸುತ್ತಿಕೊಂಡಿದ್ದಾರೆ. ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ ಮುಹೂರ್ತವಂತೆ. ಪಕ್ಕದಲ್ಲಿ ಕೂತ ಒಬ್ಬ ಗೋರಾ ಮುದುಕ ಬಿಸ್ಕೀಟು ಮುಂದೆ ಮಾಡಿ, ತಗೊಳ್ಳಿ, ಮುಗಿದ ಮೇಲೆ ಸಿಗುವುದಿಲ್ಲ ಅಂದ. ಅವನ ಹೆಂಡತಿಯೂ ಒಳಗಿದ್ದಾಳೆ.

ಹನ್ನೊಂದು ಹನ್ನೆರಡು ಆಯಿತು. ಟಿ.ವಿ.ಯಲ್ಲಿ ಎಲ್ಲರೂ ನಕ್ಕರು. ಮುದುಕ ನಗಲಿಲ್ಲ, ನಾನೂ ನಗಲಿಲ್ಲ. ಈ ಹೊತ್ತಿನಲ್ಲಿ ನಿನ್ನ ಹೃದಯ ನಿಲ್ಲಿಸಿ ಮಶೀನಿನಿಂದ ರಕ್ತ ಓಡಿಸುತ್ತಿರುತ್ತಾರೆ ಅಂತ ಶಿವರಾಜ್ ಮೊದಲೇ ಹೇಳಿದ್ದ. ನಿಂತದ್ದು ಮತ್ತೆ ನಡೆಯುವ ತನಕ ಮಾಯಾದವರ ಮಾತು ಸುಳ್ಳಾಯಿತು ಅಂತ ನಾನು ಹೇಗೆ ಅನ್ನಲಿ?

ಒಂದು ಗಂಟೆ ಅಂದಿದ್ದರು. ಒಂದೂವರೆಯಾಯಿತು. ಯಾರೂ ಬರಲಿಲ್ಲ.

ಎರಡು.

ಎರಡೂ ಇಪ್ಪತ್ತಕ್ಕೆ ಆ ಸಿಸ್ಟರ್ ಬಾಗಿಲು ನೂಕಿಕೊಂಡು ಬಂದಳು. ಅವಳ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಇತ್ತು.

ಶಕುಂತಲಾ, ಅವತ್ತಿನಂಥದೇ ಚೀಲ. ತೆಗೆದುಕೊಳ್ಳಲು ನಾನು ಕೈ ಚಾಚಲಿಲ್ಲ. ಭಾಗ್ಯಶ್ರೀ ಚೀಲ ತೆರೆದಳು. ಒಳಗೆ ನಿನ್ನ ಚಾಳೀಸು, ಕಟ್ಟಿಸಿದ ಹಲ್ಲು. ವಾರ್ಡಿನಲ್ಲೇ ಉಳಿದಿದ್ದವಂತೆ, ತಂದುಕೊಟ್ಟಳು. "ವಾಲ್ವ್ ಕೂತಿದೆ. ಆಕೆಯ ಹೃದಯ ತಾನೇ ನಡೆಯುತ್ತಿದೆ. ಟೋಪಿಯನ್ನು ಯಾರೂ ಮುಟ್ಟಿಲ್ಲ ಲವ್, ನಾನೇ ನೋಡಿ ಬಂದೆ" ಅಂದಳು.

ಹಲ್ಲು ಕಟ್ಟಿಸಿದ್ದನ್ನು ನನಗೆ ಹೇಳಿರಲಿಲ್ಲ ನೀನು.

ಸಂಜೆ ಒಂದು ನಿಮಿಷ ಒಳಗೆ ಬಿಟ್ಟರು. ಬಾಯಲ್ಲಿ ನಳಿಗೆ ಇತ್ತು. ನೀನು ಕಣ್ಣು ತೆರೆದು ನನ್ನನ್ನು ನೋಡಿದೆ. ಎಷ್ಟೋ ಹೊತ್ತು ನೋಡಿದೆ. ಅದು ಎಂಥ ನೋಟ ಅಂತ ನನಗೆ ತಿಳಿಯಲಿಲ್ಲ. ನಾಳೆ ಬೆಳಗಿನ ರೈಲಿಗೆ ಹೋಗುತ್ತೇನೆ. ಕರೆಯದವರ ಮನೆಯಲ್ಲಿ ಕೂರುವವಳಲ್ಲ ನಾನು.

ಮಹಾದೇವಿ


ಲೀಡ್ಸ್
31 ಡಿಸೆಂಬರ್ 2012

ಮಹಾದೇವಕ್ಕಾ,

ಮನೆಗೆ ಬಂದು ಮೂರು ದಿನವಾಯಿತು. ನಾಲ್ಕು ಸಾಲು ಬರೆದರೆ ದಣಿವಾಗುತ್ತದೆ. ಅದಕ್ಕೆ ನಾಲ್ಕೇ ಸಾಲು.

ಅವರ ಬಾಯಿ ಮುಚ್ಚಿಸಿದ್ದನ್ನು ನಾನು ಇನ್ನೂ ಕ್ಷಮಿಸಿಲ್ಲ. ಕ್ಷಮಿಸುತ್ತೇನೋ ಇಲ್ಲವೋ ಗೊತ್ತಿಲ್ಲ. ಸುಚೇತಾ ಹೇಳಿದ ಹಾಗೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುತ್ತೇನೆ.

ಲಿಂಗ ಇನ್ನೂ ತುರುಬಿನಲ್ಲೇ ಇದೆ. ಹತ್ತು ದಿನದಿಂದ ತಲೆಗೆ ನೀರು ಹಾಕಿಲ್ಲ. ಆರು ವಾರ ಕೈ ಮೇಲೆತ್ತಬಾರದು, ಎದೆಯ ಹೊಲಿಗೆ ಬಿಟ್ಟೀತು ಅಂತಾರೆ. ಭಾಗ್ಯಶ್ರೀಗೆ ಶಿವದಾರದ ಗಂಟು ಬರುವುದಿಲ್ಲ. ಎರಡು ಸಲ ಕಲಿಸಿದೆ, ಬೂಟಿನ ಲೇಸು ಕಟ್ಟಿದ ಹಾಗೆ ಕಟ್ಟುತ್ತಾಳೆ.

ನೀನೇ ಬಾ. ತಲೆ ತೊಳೆದು, ಕೊರಳಿಗೆ ಕಟ್ಟು. ಬರುವಾಗ ಹೊಸ ವರ್ಷದ ಕ್ಯಾಲೆಂಡರೊಂದು ತಾ, ನಾನು ಈ ಸಲ ಕೊಂಡಿರಲಿಲ್ಲ. ಗಂಟು ಬಿಗಿಯಾಗಿ ಹಾಕಬೇಕು ಮತ್ತೆ.

ಶಕುಂತಲಾ